ಈ ಹಾಡೇ ಯಾಕೆ? ರೀಮಿಕ್ಸ್ ಸಂಗೀತ, ಆನ್‌ಲೈನ್ ವಿಡಿಯೋ ಮತ್ತು ಫೇರ್ ಯೂಸ್

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ರೀಮಿಕ್ಸ್ ಮತ್ತು ಕಾಪಿರೈಟ್ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಎಷ್ಟು ಸೆಕೆಂಡು ಹಾಕಿದರೆ ಸೇಫ್?" ಒಬ್ಬರು 7 ಅನ್ನುತ್ತಾರೆ, ಇನ್ನೊಬ್ಬರು 15, ಮತ್ತೊಬ್ಬರು 30. ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಅಂಥ ಸಂಖ್ಯೆ ಕಾನೂನಿನಲ್ಲಿ ಎಲ್ಲೂ ಇಲ್ಲ. ಯಾರು ಮೊದಲು ಹುಟ್ಟುಹಾಕಿದರೋ ಗೊತ್ತಿಲ್ಲ, ಬಾಯಿಂದ ಬಾಯಿಗೆ ಹರಿದು ಅದೇ ನಿಯಮ ಅನ್ನುವಷ್ಟು ಗಟ್ಟಿಯಾಗಿದೆ. ಅದರ ಜೊತೆಗೇ ಓಡಾಡುವ ಇನ್ನೆರಡು ನಂಬಿಕೆಗಳೂ ಇವೆ. ಡಿಸ್ಕ್ರಿಪ್ಷನ್‌ನಲ್ಲಿ "ಹಾಡಿನ ಹಕ್ಕು ಮೂಲ ಒಡೆಯರದ್ದು" ಅಂತ ಬರೆದರೆ ಸಾಕು ಅನ್ನುವುದು ಒಂದು. ದುಡ್ಡು ಮಾಡದಿದ್ದರೆ ತೊಂದರೆ ಇಲ್ಲ ಅನ್ನುವುದು ಇನ್ನೊಂದು. ಮೊದಲನೆಯದರಿಂದ ಸೌಜನ್ಯ ತೋರಿಸಿದಂತಾಗುತ್ತದೆ, ರಕ್ಷಣೆ ಸಿಗುವುದಿಲ್ಲ. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದೊಂದರ ಮೇಲೆ ನಿಲ್ಲಲಾಗದು.

ಮೊದಲು ಒಂದು ಗಡಿ ಎಳೆದುಕೊಳ್ಳೋಣ. ಫೇರ್ ಯೂಸ್, ಅಂದರೆ ಅನುಮತಿ ಇಲ್ಲದೆಯೂ ಇನ್ನೊಬ್ಬರ ಕೃತಿಯನ್ನು ನ್ಯಾಯವಾಗಿ ಬಳಸಲು ಇರುವ ಅವಕಾಶ, ಅಮೆರಿಕದ ಕಾನೂನು. ಅಲ್ಲಿನ 1976ರ ಕಾಪಿರೈಟ್ ಕಾಯ್ದೆಯ 107ನೇ ಸೆಕ್ಷನ್ನು. ಭಾರತದ 1957ರ ಕಾಯ್ದೆಯಲ್ಲಿರುವುದು 52ನೇ ಸೆಕ್ಷನ್ನಿನ ಫೇರ್ ಡೀಲಿಂಗ್. ಅದು ವಿಮರ್ಶೆ, ವರದಿ, ಖಾಸಗಿ ಬಳಕೆ ಅಂತ ಉದ್ದೇಶಗಳನ್ನು ಹೆಸರಿಸಿ ಕೊಟ್ಟ ವಿನಾಯಿತಿ, ಅದರ ಲೆಕ್ಕವೇ ಬೇರೆ. ಹಾಗಿದ್ದರೂ ಜಗತ್ತಿನ ಯಾವ ಮೂಲೆಯ ವಿಡಿಯೋ ಕೆಳಗೂ "ಫೇರ್ ಯೂಸ್" ಎಂಬ ಎರಡು ಪದ ಕಾಣುವುದಕ್ಕೆ ಕಾರಣ, ನಾವು ಬಳಸುವ ದೊಡ್ಡ ವೇದಿಕೆಗಳು ಅಮೆರಿಕದವು, ಅವುಗಳ ದೂರು ವ್ಯವಸ್ಥೆ ನಿಂತಿರುವುದು ಆ ದೇಶದ ಕಾನೂನಿನ ಮೇಲೆ. ಇವತ್ತು ನಾನು ಮಾತಾಡುವುದು ಆ ಕಾನೂನಿನ ಬಗ್ಗೆ.

ಇದರ ಬೇರು 1841ರಲ್ಲಿದೆ. ಜಾರ್ಜ್ ವಾಷಿಂಗ್ಟನ್‌ರ ಪತ್ರಗಳನ್ನು 12 ಸಂಪುಟಗಳಲ್ಲಿ ಸಂಪಾದಿಸಿದ್ದ ಗ್ರಂಥವೊಂದಿತ್ತು. ಇನ್ನೊಬ್ಬ ಲೇಖಕ ಅದರಿಂದ 353 ಪುಟಗಳನ್ನು ಎತ್ತಿಕೊಂಡು ತನ್ನದೇ ಎರಡು ಸಂಪುಟದ ಜೀವನಚರಿತ್ರೆ ಮಾಡಿದ. ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಆ ವ್ಯಾಜ್ಯದಲ್ಲಿ ಬರೆದ ಮಾತುಗಳೇ ಮುಂದೆ ಫೇರ್ ಯೂಸ್ ಆಗಿ ಬೆಳೆದವು: ಏನನ್ನು ಎಷ್ಟು ತೆಗೆದುಕೊಂಡೆ, ಯಾಕೆ ತೆಗೆದುಕೊಂಡೆ, ಅದರಿಂದ ಮೂಲಕ್ಕೆ ಪೆಟ್ಟು ಬಿತ್ತೇ? ತಮಾಷೆಯೆಂದರೆ ಆ ವ್ಯಾಜ್ಯದಲ್ಲಿ ತೆಗೆದುಕೊಂಡವನೇ ಸೋತ. ಈ ಸಿದ್ಧಾಂತ ಹುಟ್ಟಿದ್ದೇ "ಇದು ಫೇರ್ ಅಲ್ಲ" ಅಂತ ಹೇಳುವಾಗ.

1976ರ ಕಾಯ್ದೆ ಅದನ್ನು ನಾಲ್ಕು ಅಂಶಗಳಾಗಿ ಬರೆಯಿತು. ಬಳಕೆಯ ಉದ್ದೇಶ ಮತ್ತು ಸ್ವರೂಪ, ಮೂಲ ಕೃತಿಯ ಸ್ವಭಾವ, ತೆಗೆದುಕೊಂಡ ಪ್ರಮಾಣ ಮತ್ತು ಅದರ ಮಹತ್ವ, ಮೂಲದ ಮಾರುಕಟ್ಟೆಯ ಮೇಲಾಗುವ ಪರಿಣಾಮ. ನ್ಯಾಯಾಧೀಶರು ನಾಲ್ಕನ್ನೂ ಒಟ್ಟಿಗೆ ತೂಗುತ್ತಾರೆ, ಇಷ್ಟು ಅಂಕ ಬಂದರೆ ಪಾಸು ಅನ್ನುವ ಪದ್ಧತಿ ಇಲ್ಲ. ಸಂಗೀತದ ಮಟ್ಟಿಗೆ ಎರಡನೆಯದರ ಮೇಲೆ ಸಮಯ ಕಳೆಯಬೇಕಾಗಿಲ್ಲ. ಹಾಡು ಅಂದಮೇಲೆ ಸೃಜನಶೀಲ ಕೃತಿಯೇ, ಆ ಅಂಶ ಹೆಚ್ಚುಕಡಿಮೆ ಯಾವಾಗಲೂ ಹಾಡಿನ ಒಡೆಯನ ಕಡೆಗೇ ವಾಲುತ್ತದೆ. ಪ್ರಮಾಣದ ವಿಷಯಕ್ಕೆ ಒಂದು ಉದಾಹರಣೆ ಸಾಕು. ಮಾಜಿ ಅಧ್ಯಕ್ಷ ಫೋರ್ಡ್‌ರ ಇನ್ನೂ ಪ್ರಕಟವಾಗದ ಆತ್ಮಕಥೆಯಿಂದ ಒಂದು ಪತ್ರಿಕೆ ಸುಮಾರು 300 ಪದ ಎತ್ತಿಕೊಂಡಿತ್ತು. ಇಡೀ ಪುಸ್ತಕದ ಎದುರು ಅದು ಚಿಟಿಕೆಯಷ್ಟು. 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಎತ್ತಿಕೊಂಡದ್ದು ಪುಸ್ತಕದ ಹೃದಯವನ್ನು, ಆದ್ದರಿಂದ ಇದು ಫೇರ್ ಅಲ್ಲ. ಹಾಡಿನಲ್ಲಿ ಹೃದಯ ಎಲ್ಲಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೀವು ಕತ್ತರಿಸಿಕೊಳ್ಳುವುದೇ ಆ ಹುಕ್ ಲೈನನ್ನು, ಎಲ್ಲರ ಬಾಯಲ್ಲಿ ಉಳಿಯುವ ಆ ಸಾಲನ್ನು.

ಇನ್ನೊಂದು ಪೀಠಿಕೆ. ಒಂದು ಹಾಡಿನಲ್ಲಿ ಎರಡು ಕಾಪಿರೈಟ್ ಇವೆ. ಸಾಹಿತ್ಯ ಮತ್ತು ರಾಗಸಂಯೋಜನೆಯದ್ದು ಒಂದು, ಸ್ಟುಡಿಯೋದಲ್ಲಿ ದಾಖಲಾದ ಆ ನಿರ್ದಿಷ್ಟ ಧ್ವನಿಯದ್ದು ಇನ್ನೊಂದು. ಬಹಳ ಸಲ ಇವೆರಡರ ಒಡೆಯರು ಬೇರೆ ಬೇರೆ. ಕಂಪನಿಯ ಟ್ರ್ಯಾಕನ್ನೇ ತೆಗೆದು ರೀಮಿಕ್ಸ್ ಮಾಡಿದರೆ ಎರಡನ್ನೂ ಮುಟ್ಟಿದಂತೆ. ನೀವೇ ಕೀಬೋರ್ಡಿನಲ್ಲಿ ನುಡಿಸಿ, ನೀವೇ ಹಾಡಿ, ಮೂಲದಂತೆಯೇ ಕೇಳುವ ಹಾಗೆ ಮಾಡಿದರೆ ಧ್ವನಿಮುದ್ರಣದ ಹಕ್ಕು ಅಡ್ಡ ಬರುವುದಿಲ್ಲ. ಅನುಕರಣೆ ಎಷ್ಟೇ ಹತ್ತಿರವಿದ್ದರೂ ಸರಿ ಅನ್ನುವುದು ಅಮೆರಿಕದ ಕಾಯ್ದೆಯಲ್ಲೇ ಇದೆ. ಸಂಯೋಜನೆಯ ಹಕ್ಕು ಮಾತ್ರ ಉಳಿದೇ ಇರುತ್ತದೆ. ಕವರ್ ಹಾಡಿಗೆ, ಅಂದರೆ ಇನ್ನೊಬ್ಬರ ಹಾಡನ್ನು ನಾವೇ ಹಾಡಿದ್ದಕ್ಕೆ, ಅಲ್ಲಿ ಒಡೆಯ ನಿರಾಕರಿಸಲಾಗದ ಕಡ್ಡಾಯ ಲೈಸೆನ್ಸ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಆದರೆ ಆಡಿಯೋಗೆ. ಚಿತ್ರದ ಜೊತೆ ಹಾಡನ್ನು ಹೊಂದಿಸುವುದಕ್ಕೆ ಸಿಂಕ್ ಲೈಸೆನ್ಸ್ ಬೇಕು, ಅದನ್ನು ಕೊಡುವುದು ಬಿಡುವುದು ಒಡೆಯನ ಇಷ್ಟ.

ಈಗ ಮುಖ್ಯ ವಿಷಯ. ರೀಮಿಕ್ಸ್ ಮಾಡುವವರು ತಮ್ಮ ಪರವಾಗಿ ಹೇಳಿಕೊಳ್ಳುವುದು ಸಾಮಾನ್ಯವಾಗಿ ಹೀಗೆ: "ನಾನು ಎಷ್ಟು ಬದಲಾಯಿಸಿದ್ದೇನೆ ನೋಡಿ. ಟೆಂಪೋ ಬೇರೆ, ಬೀಟ್ ಬೇರೆ, ವಾರಗಟ್ಟಲೆ ಕೂತಿದ್ದೇನೆ." ಈ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ನ್ಯಾಯಾಲಯದ ತೀರ್ಪುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಅವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಬೇರೆಯೇ: ಈ ಹಾಡೇ ಯಾಕೆ? ಇದರ ಬದಲು ಇನ್ನೊಂದು ಹಾಡು ಹಾಕಿದ್ದರೆ ನಿನ್ನ ಮಾತು ಬಿದ್ದುಹೋಗುತ್ತಿತ್ತೇ?

1994ರ ತೀರ್ಪಿನಿಂದ ಶುರು ಮಾಡೋಣ. ರಾಯ್ ಆರ್ಬಿಸನ್ 1964ರಲ್ಲಿ ಹಾಡಿದ "ಓ, ಪ್ರೆಟಿ ವುಮನ್" ಅನ್ನು ಟು ಲೈವ್ ಕ್ರೂ ಎಂಬ ರ‍್ಯಾಪ್ ತಂಡ 1989ರಲ್ಲಿ ಅಣಕಿಸಿ ಹಾಡಿತು. ಅದಕ್ಕೆ ಮೊದಲು ಹಕ್ಕುದಾರರಾದ ಅಕಫ್-ರೋಸ್ ಕಂಪನಿಗೆ ಪತ್ರ ಬರೆದು, ಹೆಸರೂ ಹಾಕುತ್ತೇವೆ, ಹಣವೂ ಕೊಡುತ್ತೇವೆ, ಅನುಮತಿ ಕೊಡಿ ಎಂದು ಕೇಳಿತ್ತು. ಕಂಪನಿ ಒಲ್ಲೆ ಎಂದಿತು. ತಂಡ ಹಾಡನ್ನು ಬಿಡುಗಡೆ ಮಾಡಿಯೇಬಿಟ್ಟಿತು. ಸುಮಾರು ಎರಡೂವರೆ ಲಕ್ಷ ಪ್ರತಿ ಖರ್ಚಾದ ಮೇಲೆ ಕಂಪನಿ ದಾವೆ ಹೂಡಿತು. ಕೆಳಗಿನ ಮೇಲ್ಮನವಿ ನ್ಯಾಯಾಲಯ "ಇದು ವ್ಯಾಪಾರ, ಆದ್ದರಿಂದ ಫೇರ್ ಅಲ್ಲ" ಎಂದದ್ದನ್ನು ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು.

ನ್ಯಾಯಮೂರ್ತಿ ಸೌಟರ್ ಬರೆದ ಆ ತೀರ್ಪಿನಲ್ಲಿ ನಮಗೆ ಬೇಕಾದ ಮಾತುಗಳು ಹಲವಿವೆ. ದುಡ್ಡು ಮಾಡಿದ ಮಾತ್ರಕ್ಕೆ ಸೋತಂತಲ್ಲ. ಅನುಮತಿ ಕೇಳಿ ನಿರಾಕರಣೆ ಪಡೆದ ಮಾತ್ರಕ್ಕೂ ಸೋತಂತಲ್ಲ, ಬಳಕೆ ಫೇರ್ ಆಗಿದ್ದರೆ ಕೇಳುವ ಅಗತ್ಯವೇ ಇರಲಿಲ್ಲ. ಅಣಕ ಮಾಡುವವನು ಮೂಲವನ್ನು ಕೇಳುಗನ ನೆನಪಿಗೆ ತರಲೇಬೇಕು, ಹಾಗಾಗಿ ಹಾಡಿನ ಹೃದಯಕ್ಕೇ ಕೈ ಹಾಕಿದರೂ ಅದು ತಾನಾಗಿ ತಪ್ಪಾಗದು. ಇದರ ಮಗ್ಗುಲಲ್ಲೇ ಇನ್ನೊಂದು ಎಚ್ಚರಿಕೆ ಇದೆ. ರೀಮಿಕ್ಸ್ ಮಾಡುವವರು ಓದುವಾಗ ಇದನ್ನೇ ಹಾರಿಸಿಬಿಡುತ್ತಾರೆ. ಹೊಸ ಕೃತಿ ಹಳೆಯದರ ಬಗ್ಗೆ ಏನೂ ಹೇಳದೆ, ಬರೀ ಜನರ ಗಮನ ಸೆಳೆಯಲೋ ಹೊಸದನ್ನು ಕಟ್ಟುವ ಕಷ್ಟ ತಪ್ಪಿಸಿಕೊಳ್ಳಲೋ ಅದನ್ನು ಎತ್ತಿಕೊಂಡಿದ್ದರೆ, ಫೇರ್ ಎನ್ನುವ ವಾದ ಅಷ್ಟರಮಟ್ಟಿಗೆ ಸೊರಗುತ್ತದೆ. ಹಾಗೆಯೇ, ಆ ಪ್ರಕರಣ ಪೂರ್ತಿ ಗೆಲುವಲ್ಲ. ಶುರುವಿನ ಬಾಸ್ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಅನ್ನು ಅಷ್ಟು ಸಲ ಬಳಸಿದ್ದು ಅತಿಯಾಯಿತೇ, ಮೂಲ ಹಾಡಿನ ರ‍್ಯಾಪ್ ಆವೃತ್ತಿಗೆ ಇರಬಹುದಾದ ಮಾರುಕಟ್ಟೆಗೆ ಏಟು ಬಿತ್ತೇ ಎಂಬುದನ್ನು ಕೆಳಗಿನ ನ್ಯಾಯಾಲಯಕ್ಕೆ ಬಿಟ್ಟರು. ಕೊನೆಗೆ ರಾಜಿಯಾಯಿತು.

ಇದನ್ನು ವಿಡಿಯೋಗೆ ತಂದು ನೋಡೋಣ. ಮೂರು ಪ್ರಕರಣ ಹೇಳುತ್ತೇನೆ, ಮೂರೂ ಹಾಡನ್ನು ದೃಶ್ಯದ ಜೊತೆ ಸೇರಿಸಿದವು.

ಮೊದಲನೆಯದು 2008ರದ್ದು. ಒಂದು ಸಾಕ್ಷ್ಯಚಿತ್ರ ಜಾನ್ ಲೆನನ್ ಹಾಡಿದ "ಇಮ್ಯಾಜಿನ್" ಹಾಡಿನ ಸುಮಾರು 15 ಸೆಕೆಂಡು ಬಳಸಿತ್ತು. ಧರ್ಮವೇ ಇಲ್ಲದ ಜಗತ್ತನ್ನು ಊಹಿಸಿಕೊಳ್ಳಿ ಅನ್ನುವ ಸಾಲುಗಳು ಕೇಳುತ್ತಿರುವಾಗ ಪರದೆಯ ಮೇಲೆ ಮೊದಲು ಮಕ್ಕಳು ಆಡುತ್ತಾರೆ, ಆಮೇಲೆ ಸೈನಿಕ ಪಥಸಂಚಲನ ಬರುತ್ತದೆ, ಕೊನೆಗೆ ಸ್ಟಾಲಿನ್ ಕೈ ಬೀಸುತ್ತಾನೆ. ಚಿತ್ರದವರ ಅಭಿಪ್ರಾಯ ನಿಮಗೆ ಹಿಡಿಸಬೇಕಾಗಿಲ್ಲ, ನನಗಂತೂ ಹಿಡಿಸಲಿಲ್ಲ. ಆದರೆ ದೃಶ್ಯ ಆ ಹಾಡಿನ ಆಶಯವನ್ನೇ ಎದುರು ಹಾಕಿಕೊಂಡಿತ್ತು. ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು ಇದು ಫೇರ್ ಯೂಸ್ ಆಗುವ ಸಾಧ್ಯತೆ ಹೆಚ್ಚು ಎಂದು ತಡೆಯಾಜ್ಞೆ ನಿರಾಕರಿಸಿದರು.

ಎರಡನೆಯದು 2010, ಕ್ಯಾಲಿಫೋರ್ನಿಯಾ. ಚಾರ್ಲ್ಸ್ ಡಿವೋರ್ ಎಂಬ ರಾಜಕಾರಣಿ ಡಾನ್ ಹೆನ್ಲಿಯ ಎರಡು ಹಾಡುಗಳ ಸಾಹಿತ್ಯ ಬದಲಿಸಿ, ಎದುರು ಪಕ್ಷದವರನ್ನು ಗೇಲಿ ಮಾಡುವ ವಿಡಿಯೋಗಳನ್ನು ಯೂಟ್ಯೂಬ್‌ಗೆ ಹಾಕಿದರು. ಹಾಡಿನ ರೂಪ ಬದಲಾಗಿತ್ತು, ಹಾಸ್ಯವಿತ್ತು, ರಾಜಕೀಯ ಮಾತಿತ್ತು. ಆದರೂ ಫೇರ್ ಯೂಸ್ ವಾದ ಬಿದ್ದುಹೋಯಿತು. ಗೇಲಿ ಹೆನ್ಲಿಯ ಹಾಡಿನ ಬಗ್ಗೆ ಇರಲಿಲ್ಲ, ಒಬಾಮಾ ಮತ್ತು ಸೆನೆಟರ್ ಬಾಕ್ಸರ್ ಬಗ್ಗೆ ಇತ್ತು. ಆ ಗೇಲಿಗೆ ಬೇರೆ ಯಾವ ರಾಗವಾದರೂ ನಡೆಯುತ್ತಿತ್ತು.

ಮೂರನೆಯದು ಇತ್ತೀಚಿನದು. 2020ರ ಆಗಸ್ಟ್‌ನಲ್ಲಿ ಟ್ರಂಪ್ ಟ್ವಿಟ್ಟರ್‌ನಲ್ಲಿ ಹಂಚಿಕೊಂಡ 55 ಸೆಕೆಂಡಿನ ಅನಿಮೇಷನ್ ವಿಡಿಯೋದಲ್ಲಿ ಎಡ್ಡಿ ಗ್ರಾಂಟ್‌ರ "ಎಲೆಕ್ಟ್ರಿಕ್ ಅವೆನ್ಯೂ" ಸುಮಾರು 40 ಸೆಕೆಂಡು ಕೇಳುತ್ತದೆ. ರೈಲೊಂದು ರಭಸದಿಂದ ಹೋಗುತ್ತದೆ, ಹಿಂದೆ ಬೈಡನ್ ಕೈಬಂಡಿ ತಳ್ಳಿಕೊಂಡು ಬರುತ್ತಾರೆ. ವಿಡಿಯೋ ವಿಡಂಬನೆ ಹೌದು, ಹಾಡು ಮಾತ್ರ ಹಿನ್ನೆಲೆ. 2024ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಗ್ರಾಂಟ್ ಪರ ತೀರ್ಪು ಕೊಟ್ಟಿತು. ಎಲ್ಲರೂ ಹೀಗೆ ಮಾಡಿದರೆ ಹಾಡಿಗೆ ಲೈಸೆನ್ಸ್ ಕೊಡುವ ಮಾರುಕಟ್ಟೆಯೇ ಉಳಿಯದು ಎಂಬುದು ಅದರ ಹಿಂದಿನ ಒಂದು ಕಾರಣ.

ಮೂರರಲ್ಲಿ ಗೆದ್ದದ್ದು ಒಂದು. ಅದು ಗೆದ್ದದ್ದು ಕಡಿಮೆ ಸೆಕೆಂಡು ಬಳಸಿದ್ದಕ್ಕೆ ಎಂದು ಓದಿದರೆ ಮತ್ತೆ ಸೆಕೆಂಡಿನ ಜಪಕ್ಕೇ ಮರಳುತ್ತೇವೆ. ಆ 15 ಸೆಕೆಂಡಿನ ಜಾಗದಲ್ಲಿ ಬೇರೆ ಹಾಡಿಟ್ಟರೆ ಆ ದೃಶ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಉಳಿದೆರಡರಲ್ಲಿ ಹಾಡು ಬದಲಿಸಿದ್ದರೂ ವಿಡಿಯೋ ಹೇಳುವುದನ್ನು ಹೇಳುತ್ತಲೇ ಇರುತ್ತಿತ್ತು.

2023ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿತು. ಅದು ಸಂಗೀತದ ವ್ಯಾಜ್ಯವಲ್ಲ, ಗಾಯಕ ಪ್ರಿನ್ಸ್‌ನ ಒಂದು ಫೋಟೋದ್ದು. ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದ ಆ ಚಿತ್ರವನ್ನು ಆಧರಿಸಿ ಆಂಡಿ ವಾರ್ಹಾಲ್ ಬಣ್ಣಬಣ್ಣದ ಮುದ್ರಣಗಳನ್ನು ಮಾಡಿದ್ದರು. 2016ರಲ್ಲಿ ಅವರ ಪ್ರತಿಷ್ಠಾನ ಅದರಲ್ಲೊಂದನ್ನು ಪತ್ರಿಕೆಯೊಂದಕ್ಕೆ 10,000 ಡಾಲರಿಗೆ ಕೊಟ್ಟಿತು, ಛಾಯಾಗ್ರಾಹಕಿಗೆ ಏನೂ ಬರಲಿಲ್ಲ. ವಾರ್ಹಾಲ್ ಹೊಸ ಶೈಲಿ, ಹೊಸ ಅರ್ಥ ಕೊಟ್ಟಿದ್ದಾರೆ ಎಂಬ ವಾದವನ್ನು 7–2 ಬಹುಮತ ಒಪ್ಪಲಿಲ್ಲ. ಹೊಸ ಅರ್ಥ ಇದ್ದರೆ ಸಾಲದು. ಫೋಟೋ ಯಾವ ಕೆಲಸಕ್ಕೆ ಒದಗುತ್ತಿತ್ತೋ ಅದೇ ಕೆಲಸಕ್ಕೆ ಇದೂ ಒದಗಿದ್ದರೆ, ಎರಡೂ ಪತ್ರಿಕೆಯಲ್ಲಿ ಪ್ರಿನ್ಸ್‌ನನ್ನು ತೋರಿಸುವ ಚಿತ್ರಗಳೇ ಆಗಿದ್ದರೆ, ಎತ್ತಿಕೊಂಡದ್ದಕ್ಕೆ ಬೇರೆ ಸಮರ್ಥನೆ ಬೇಕು. ರೀಮಿಕ್ಸ್‌ಗೆ ಇದು ಅನ್ವಯಿಸುವ ಬಗೆಯನ್ನು ಯೋಚಿಸಿ. ಮೂಲವೂ ಕುಣಿಯಲು ಹಾಕುವ ಹಾಡು, ರೀಮಿಕ್ಸೂ ಕುಣಿಯಲು ಹಾಕುವ ಹಾಡು. ಅಲ್ಲಿಗೆ ಮೊದಲ ಅಂಶದಲ್ಲಿ ನಿಮ್ಮ ಕಾಲ ಕೆಳಗಿನ ನೆಲ ಜಾರಿದಂತೆಯೇ.

ಈಗ ಒಂದು ಗೆದ್ದ ರೀಮಿಕ್ಸನ್ನು ಹತ್ತಿರದಿಂದ ನೋಡೋಣ. ಆರ್ಗನ್ ವಾದಕ ಜಿಮ್ಮಿ ಸ್ಮಿತ್ 1982ರ ಆಲ್ಬಮ್ಮಿನಲ್ಲಿ ಒಂದು ಪುಟ್ಟ ಮಾತಿನ ತುಣುಕನ್ನು ದಾಖಲಿಸಿದ್ದರು. ಸಾರಾಂಶ ಇಷ್ಟು: ಜಾಝ್ ಒಂದೇ ಉಳಿಯುವ ನಿಜವಾದ ಸಂಗೀತ, ಉಳಿದದ್ದೆಲ್ಲ ಇವತ್ತು ಇದ್ದು ನಾಳೆ ಹೋಗುವಂಥದ್ದು. ರ‍್ಯಾಪರ್ ಡ್ರೇಕ್ 2013ರ ಹಾಡಿನ ಶುರುವಿಗೆ ಆ ತುಣುಕಿನ ಸುಮಾರು 35 ಸೆಕೆಂಡು ಹಾಕಿಕೊಂಡ. ಹಾಕುವಾಗ ಕತ್ತರಿ ಆಡಿಸಿದ, "ಜಾಝ್" ಅನ್ನುವುದನ್ನು ತೆಗೆದ. ಈಗ ಆ ವಾಕ್ಯ "ನಿಜವಾದ ಸಂಗೀತವೊಂದೇ ಉಳಿಯುತ್ತದೆ" ಅಂತ ಕೇಳುತ್ತದೆ. ಜಾಝ್ ಮಾತ್ರ ಶ್ರೇಷ್ಠ ಅನ್ನುವ ಹೇಳಿಕೆ, ಒಂದು ಕತ್ತರಿಯಲ್ಲಿ, ಪ್ರಕಾರ ಯಾವುದಾದರೇನು, ನಿಜವಾದದ್ದು ಉಳಿಯುತ್ತದೆ ಎಂದಾಯಿತು. ಅದೂ ಜಾಝ್ ಬಿಟ್ಟು ಉಳಿದದ್ದೆಲ್ಲ ಕಸ ಅಂದವನ ದನಿಯಲ್ಲೇ, ರ‍್ಯಾಪ್ ಹಾಡಿನೊಳಗೆ. ನ್ಯೂಯಾರ್ಕಿನ ನ್ಯಾಯಾಲಯ 2017ರಲ್ಲಿ ಇದನ್ನು ಫೇರ್ ಯೂಸ್ ಎಂದಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಕಡೆಗಣಿಸಬಾರದ ವಿವರ: ಡ್ರೇಕ್ ಕಡೆಯವರು ಧ್ವನಿಮುದ್ರಣಕ್ಕೆ ಲೈಸೆನ್ಸ್ ತೆಗೆದುಕೊಂಡಿದ್ದರು. ಜಗಳ ಇದ್ದದ್ದು ಸಂಯೋಜನೆಯ ಹಕ್ಕಿನ ಮೇಲೆ. ಆಗ ಹೇಳಿದ ಎರಡು ಹಕ್ಕುಗಳ ಮಾತು ಇಲ್ಲಿ ಕಚ್ಚಿಕೊಳ್ಳುತ್ತದೆ.

ಸ್ಯಾಂಪಲಿಂಗ್, ಅಂದರೆ ಇನ್ನೊಬ್ಬರ ಧ್ವನಿಮುದ್ರಣದ ತುಣುಕನ್ನು ಹೊಸ ಹಾಡಿನೊಳಗೆ ಸೇರಿಸುವುದು, ಅದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧದ ತೀರ್ಪು ಶುರುವಾಗಿದ್ದೇ ಬೈಬಲ್ಲಿನ "ಕದಿಯಬಾರದು" ಎಂಬ ಆಜ್ಞೆಯಿಂದ. ಫೇರ್ ಯೂಸ್ ಅದರಲ್ಲಿ ಚರ್ಚೆಗೇ ಬರಲಿಲ್ಲ. ಆಮೇಲೆ ಸ್ಯಾಂಪಲ್ಲಿಗೆಲ್ಲ ಲೈಸೆನ್ಸ್ ಎನ್ನುವುದು ಉದ್ಯಮದ ರೂಢಿಯಾಯಿತು. 2005ರ ಬ್ರಿಡ್ಜ್‌ಪೋರ್ಟ್ ತೀರ್ಪು ಇನ್ನೂ ಕಠಿಣ. ಫಂಕಡೆಲಿಕ್ ತಂಡದ ಒಂದು ಗಿಟಾರ್ ಸೋಲೋದಿಂದ 2 ಸೆಕೆಂಡು ತೆಗೆದು, ಶ್ರುತಿ ಇಳಿಸಿ, ಲೂಪ್ ಮಾಡಿ 16 ಬೀಟಿಗೆ ಹಿಗ್ಗಿಸಿ, ಹಾಡಿನಲ್ಲಿ ಐದು ಕಡೆ ಹಾಕಿದ್ದರು. ಮೂಲ ಬಲ್ಲವರಿಗೂ ಗುರುತು ಹತ್ತುವುದು ಕಷ್ಟ. ನ್ಯಾಯಾಲಯ ಹೇಳಿದ್ದು: ಲೈಸೆನ್ಸ್ ಪಡೆ, ಇಲ್ಲವೇ ಸ್ಯಾಂಪಲ್ ಮಾಡಬೇಡ. ನನ್ನ ಮಟ್ಟಿಗೆ ಇದು ಕೆಟ್ಟ ತೀರ್ಪು. ಕಿವಿಗೆ ಕೇಳಿಸದ್ದನ್ನೂ ಕಳ್ಳತನ ಎನ್ನುತ್ತದೆ. 2016ರಲ್ಲಿ ಕ್ಯಾಲಿಫೋರ್ನಿಯಾ ಕಡೆಯ ಮೇಲ್ಮನವಿ ನ್ಯಾಯಾಲಯ, ಮಡೋನಾಳ "ವೋಗ್" ಹಾಡಿನಲ್ಲಿ ಬರುವ 0.23 ಸೆಕೆಂಡಿನ ಹಾರ್ನ್ ಸದ್ದಿನ ವಿಷಯದಲ್ಲಿ, ಇಷ್ಟು ಕ್ಷುಲ್ಲಕವಾದದ್ದು ಉಲ್ಲಂಘನೆಯೇ ಅಲ್ಲ ಎಂದು ನೇರವಾಗಿ ಭಿನ್ನಮತ ಬರೆಯಿತು. ಎರಡೂ ತೀರ್ಪು ತಂತಮ್ಮ ಪ್ರಾಂತ್ಯದಲ್ಲಿ ನಿಂತಿವೆ. ಗಮನಿಸಿ, ಇವೆರಡೂ ಫೇರ್ ಯೂಸ್ ತೀರ್ಪುಗಳಲ್ಲ. ಫೇರ್ ಯೂಸ್‌ನ ಪ್ರಶ್ನೆ ಏಳುವುದು ಉಲ್ಲಂಘನೆ ಎನ್ನುವಷ್ಟು ತೆಗೆದುಕೊಂಡಾಗ ಮಾತ್ರ. ಬ್ರಿಡ್ಜ್‌ಪೋರ್ಟ್ ಕೂಡ ಆ ವಾದದ ಬಾಗಿಲನ್ನು ಮುಚ್ಚಿರಲಿಲ್ಲ.

ಇನ್ನು ನಿಮ್ಮ ಎಡಿಟಿಂಗ್ ಟೈಮ್‌ಲೈನಿಗೆ ಬರೋಣ. ಹಳೆಯ ಪಾಪ್ ಹಾಡೊಂದರ ಬಗ್ಗೆ 10 ನಿಮಿಷದ ವಿಡಿಯೋ ಮಾಡುತ್ತಿದ್ದೀರಿ ಅಂದುಕೊಳ್ಳಿ. ಒಂದು ಕಡೆ ಕೋರಸ್ಸಿನ 8 ಸೆಕೆಂಡು ಹಾಕಿ ನಿಲ್ಲಿಸುತ್ತೀರಿ. ಸ್ಟೆಮ್ ಸಪರೇಶನ್ ಮಾಡಿ, ಅಂದರೆ ವಾದ್ಯಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಬಾಸನ್ನು ಮಾತ್ರ ಕೇಳಿಸಿ, "ಇಲ್ಲಿ ಸ್ವರ ಒಂದು ಕ್ಷಣ ಹಿಂದೆ ಬೀಳುತ್ತದೆ, ಆ ತೂಗಾಟ ಬರುವುದು ಅದರಿಂದಲೇ" ಅಂತ ವಿವರಿಸುತ್ತೀರಿ. ಇನ್ನೊಂದು ಕಡೆ ಅದೇ ಹಾಡನ್ನು ಶುರುವಿನ ದೃಶ್ಯಗಳ ಕೆಳಗೆ ಸಣ್ಣ ದನಿಯಲ್ಲಿ ಓಡಿಸುತ್ತೀರಿ. ಕೊನೆಯಲ್ಲಿ ಆ ಹಾಡಿಗೆ ಹೊಸ ಹಾಡೊಂದನ್ನು ಬೆಸೆದು ನೀವೇ ಮಾಡಿದ ಎರಡು ನಿಮಿಷದ ಮ್ಯಾಶಪ್ ಇದೆ. "ನನ್ನ ವಿಡಿಯೋ ಫೇರ್ ಯೂಸ್" ಎಂದು ಇಡಿಯಾಗಿ ಹೇಳಲು ಬರುವುದಿಲ್ಲ, ಒಂದೊಂದು ಬಳಕೆಯನ್ನೂ ಬೇರೆಯಾಗಿ ತೂಗಬೇಕಾಗುತ್ತದೆ. ಮೊದಲನೆಯದು ಗಟ್ಟಿ ನೆಲ, ಆ ಬಾಸಿನ ಬಗ್ಗೆ ಮಾತಾಡಲು ಆ ಬಾಸೇ ಬೇಕು. ಎರಡನೆಯದು ಸೋಲು ಎಂದೇ ಇಟ್ಟುಕೊಳ್ಳಿ. ದನಿ ಸಣ್ಣದಿದ್ದರೆ ಏನೂ ಬದಲಾಗುವುದಿಲ್ಲ. ಮೂರನೆಯದು ಜೂಜು. ಆ ಮ್ಯಾಶಪ್ ಎರಡು ಹಾಡುಗಳ ಒಳಗಿನ ಸಂಬಂಧವನ್ನು ಬಯಲು ಮಾಡುತ್ತದೆಯೇ, ಒಂದು ಇನ್ನೊಂದನ್ನು ಪ್ರಶ್ನಿಸುತ್ತದೆಯೇ ಅಥವಾ ಎರಡಕ್ಕೂ ಶ್ರುತಿ ಕೂಡಿತು, ಕೇಳಲು ಚೆನ್ನಾಗಿದೆ ಅಷ್ಟೆಯೇ? ಚೆನ್ನಾಗಿರುವುದು ಕಲೆಗೆ ಸಾಕು, 107ನೇ ಸೆಕ್ಷನ್ನಿಗೆ ಸಾಲದು.

2017ರಲ್ಲಿ ಒಂದು ರಿಯಾಕ್ಷನ್ ವಿಡಿಯೋ (ಇನ್ನೊಬ್ಬರ ವಿಡಿಯೋ ನೋಡುತ್ತ ಪ್ರತಿಕ್ರಿಯಿಸುವ ವಿಡಿಯೋ) ಪ್ರಕರಣ ತೀರ್ಮಾನವಾಯಿತು. ಸುಮಾರು 14 ನಿಮಿಷದ ವಿಡಿಯೋದಲ್ಲಿ ಮೂಲದ ಮೂರು ನಿಮಿಷಕ್ಕೂ ಮೀರಿದ ತುಣುಕುಗಳಿದ್ದವು. ತುಣುಕು ತುಣುಕಿಗೂ ನಿಲ್ಲಿಸಿ ಟೀಕೆ ಮಾಡಿದ್ದರಿಂದ ಅದು ಫೇರ್ ಎನಿಸಿತು. ಆ ನ್ಯಾಯಾಧೀಶರೇ, ಟೀಕೆ ಇಲ್ಲದೆ ಗುಂಪಾಗಿ ಕೂತು ನೋಡಿದಂತಿರುವ ರಿಯಾಕ್ಷನ್ ವಿಡಿಯೋಗಳೂ ಇವೆ, ಎಲ್ಲಕ್ಕೂ ಈ ತೀರ್ಪು ರಕ್ಷಾಕವಚವಲ್ಲ ಎಂದು ಎಚ್ಚರಿಸಿದ್ದಾರೆ.

ಸ್ಲೋಡ್-ರಿವರ್ಬ್ (ಹಾಡಿನ ವೇಗ ಇಳಿಸಿ ಗುಂಗು ಸೇರಿಸಿದ್ದು), ಸ್ಪೆಡ್-ಅಪ್ (ವೇಗ ಏರಿಸಿದ್ದು) ಆವೃತ್ತಿಗಳ ಬಗ್ಗೆ ಒಂದೇ ಮಾತು. ಇವುಗಳ ಪರವಾಗಿ ವಾದ ಕಟ್ಟುವುದು ಬಹಳ ಕಷ್ಟ. ಈಚಿನ ವರ್ಷಗಳಲ್ಲಿ ರೆಕಾರ್ಡ್ ಕಂಪನಿಗಳೇ ತಮ್ಮ ಹಾಡುಗಳ ಸ್ಪೆಡ್-ಅಪ್ ಆವೃತ್ತಿಗಳನ್ನು ಬಿಡುಗಡೆ ಮಾಡುತ್ತಿವೆ. ನಾಲ್ಕನೇ ಅಂಶ, ಅಂದರೆ ಮಾರುಕಟ್ಟೆ, ನಿಮ್ಮ ಎದುರೇ ಅಂಗಡಿ ತೆರೆದು ಕೂತಿದೆ.

ಇಲ್ಲಿವರೆಗೆ ಹೇಳಿದ್ದು ಕಾನೂನು. ಆದರೆ ನಿಮ್ಮ ವಿಡಿಯೋ ಮೊದಲು ಎದುರಿಸುವುದು ನ್ಯಾಯಾಧೀಶರನ್ನಲ್ಲ, ಯಂತ್ರವನ್ನು. ಯೂಟ್ಯೂಬ್‌ನ ಕಂಟೆಂಟ್ ಐಡಿ 2007ರಲ್ಲಿ ಶುರುವಾಯಿತು. ಹಕ್ಕುದಾರರು ಕೊಟ್ಟ ಹಾಡುಗಳ ಬೆರಳಚ್ಚಿನಂಥ ಗುರುತನ್ನು ಅದು ಇಟ್ಟುಕೊಂಡಿರುತ್ತದೆ. ಅಪ್‌ಲೋಡ್ ಆದ ಶಬ್ದ ಅದಕ್ಕೆ ಹೊಂದಿದರೆ ಕ್ಲೇಮ್, ಅಂದರೆ ಹಕ್ಕುದಾರರ ಹಕ್ಕೊತ್ತಾಯ, ಬೀಳುತ್ತದೆ. ಹಕ್ಕುದಾರರು ವಿಡಿಯೋ ತಡೆಯಬಹುದು, ಜಾಹೀರಾತಿನ ಹಣ ತಮಗೆ ಬರುವಂತೆ ಮಾಡಬಹುದು, ಸುಮ್ಮನೆ ಗಮನಿಸುತ್ತಲೂ ಇರಬಹುದು. ಹಾಡು ಹೊಂದಿತೇ ಎಂದಷ್ಟೇ ಅದು ನೋಡುತ್ತದೆ, ಯಾಕೆ ಬಳಸಿದಿರಿ ಎಂದು ಕೇಳುವ ಶಕ್ತಿ ಅದಕ್ಕಿಲ್ಲ. ಮೇಲಿನ ಉದಾಹರಣೆಯ ಮೂರೂ ಜಾಗಕ್ಕೂ ಒಂದೇ ಮುದ್ರೆ ಒತ್ತೀತು. ಹಾಗಾಗಿ ಕ್ಲೇಮ್ ಬಂದ ಮಾತ್ರಕ್ಕೆ ನೀವು ತಪ್ಪಿತಸ್ಥರಲ್ಲ, ಬರಲಿಲ್ಲ ಅಂದ ಮಾತ್ರಕ್ಕೆ ನಿರಪರಾಧಿಯೂ ಅಲ್ಲ. ಯಂತ್ರದ ಕಣ್ಣು ತಪ್ಪಿಸಲೆಂದು ಶ್ರುತಿ ಅರ್ಧ ಸ್ವರ ಏರಿಸುವವರು ಇದನ್ನು ಮರೆಯುತ್ತಾರೆ. ಅದರಿಂದ ಫೇರ್ ಯೂಸ್ ಹುಟ್ಟುವುದಿಲ್ಲ. ಬದಲಿಗೆ, ಬೇಕೆಂದೇ ಮಾಡಿದ್ದು ಎನ್ನಲು ಪುರಾವೆ ಸಿಕ್ಕೀತು. ಬೇಕೆಂದೇ ಮಾಡಿದ್ದು ಎಂದಾದರೆ ಅಮೆರಿಕದ ಕಾಯ್ದೆಯಲ್ಲಿ ಒಂದು ಕೃತಿಗೆ 1,50,000 ಡಾಲರ್‌ವರೆಗೆ ಪರಿಹಾರ ವಿಧಿಸಬಹುದು.

ಕ್ಲೇಮ್ ಬೇರೆ, ಡಿಎಂಸಿಎ ಎಂಬ ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆಯಡಿ ಬರುವ ತೆಗೆದುಹಾಕುವ ನೋಟಿಸ್ ಬೇರೆ. ನೋಟಿಸ್ ಬಂದರೆ ವಿಡಿಯೋ ಹೋಗುತ್ತದೆ, ಚಾನೆಲ್ಲಿಗೆ ಸ್ಟ್ರೈಕ್, ಅಂದರೆ ಎಚ್ಚರಿಕೆಯ ಕಪ್ಪುಚುಕ್ಕೆ, ಬೀಳುತ್ತದೆ. ಈ ನೋಟಿಸಿನ ವಿಷಯದಲ್ಲಿ ಒಂದು ಮಗುವಿನ ಕುಣಿತ ದೊಡ್ಡ ತೀರ್ಪು ತಂದುಕೊಟ್ಟಿತು. 2007ರಲ್ಲಿ ಒಬ್ಬ ತಾಯಿ, ಅಡುಗೆಮನೆಯಲ್ಲಿ ತನ್ನ ಪುಟ್ಟ ಮಗು ಪ್ರಿನ್ಸ್‌ನ ಹಾಡಿಗೆ ಕುಣಿಯುವ 29 ಸೆಕೆಂಡಿನ ವಿಡಿಯೋ ಹಾಕಿದಳು. ಹಿಂದೆ ಹಾಡು ಗೊರಗೊರ ಕೇಳುತ್ತದೆ ಅಷ್ಟೆ. ಯೂನಿವರ್ಸಲ್ ಕಂಪನಿ ಅದನ್ನು ತೆಗೆಸಿತು, ತಾಯಿ ನ್ಯಾಯಾಲಯಕ್ಕೆ ಹೋದಳು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ, ನೋಟಿಸ್ ಕಳಿಸುವ ಮೊದಲು ಇದು ಫೇರ್ ಯೂಸ್ ಇರಬಹುದೇ ಎಂದು ಹಕ್ಕುದಾರರು ಯೋಚಿಸಲೇಬೇಕು ಎಂದಿತು. ಆ ಯೋಚನೆಯನ್ನು ಕಂಪ್ಯೂಟರಿಗೆ ಒಪ್ಪಿಸಬಹುದೇನೋ ಎನ್ನುವಂಥ ಒಂದು ಭಾಗ ಮೊದಲ ತೀರ್ಪಿನಲ್ಲಿತ್ತು. 2016ರ ತಿದ್ದುಪಡಿಯಲ್ಲಿ ಅದನ್ನು ಅಳಿಸಿದರು. ಆದರೆ ಹಕ್ಕುದಾರ ಪ್ರಾಮಾಣಿಕವಾಗಿ ಫೇರ್ ಅಲ್ಲ ಎಂದು ನಂಬಿದ್ದರೆ ಸಾಕು, ನಂಬಿಕೆ ತಪ್ಪಾಗಿದ್ದರೂ ನಡೆಯುತ್ತದೆ ಎಂದೂ ಅದೇ ತೀರ್ಪು ಹೇಳಿತು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ. 2018ರಲ್ಲಿ ರಾಜಿಯಾಗುವ ಹೊತ್ತಿಗೆ ಆ ಮಗು ಹೈಸ್ಕೂಲಿನ ಹತ್ತಿರ ಬಂದಿರಬೇಕು.

ಇನ್ನು ಪ್ರಶ್ನೆಗಳು.

"ಆಪ್‌ನಲ್ಲೇ ಕೊಟ್ಟಿರುವ ಹಾಡು ಬಳಸಿದರೆ?" ಎಂದು ಒಬ್ಬರು ಕೇಳಿದರು. ಅದು ಫೇರ್ ಯೂಸ್ ಅಲ್ಲ, ಲೈಸೆನ್ಸ್. ಆಪ್ ಮತ್ತು ಕಂಪನಿಯ ನಡುವಿನ ಒಪ್ಪಂದ. ಆ ಆಪ್‌ನಿಂದ ವಿಡಿಯೋ ಇಳಿಸಿಕೊಂಡು ಬೇರೆಡೆ ಹಾಕಿದರೆ ಲೈಸೆನ್ಸ್ ನಿಮ್ಮ ಹಿಂದೆ ಬರುವುದಿಲ್ಲ. ಒಪ್ಪಂದ ಮುರಿದರೆ ಏನಾಗುತ್ತದೆ ಅನ್ನುವುದು 2024ರಲ್ಲಿ ಕಂಡಿತು. ಯೂನಿವರ್ಸಲ್ ಮತ್ತು ಟಿಕ್‌ಟಾಕ್ ನಡುವೆ ಮಾತುಕತೆ ಮುರಿದು ಫೆಬ್ರವರಿಯಿಂದ ಕೆಲವು ತಿಂಗಳು ಲೆಕ್ಕವಿಲ್ಲದಷ್ಟು ವಿಡಿಯೋಗಳು ಮೂಕವಾದವು.

"ನೋಟಿಸಿಗೆ ಪ್ರತಿನೋಟಿಸ್ ಕೊಡಬಹುದಲ್ಲ, ಯಾಕೆ ಜನ ಕೊಡುವುದಿಲ್ಲ?" ಕೊಡಬಹುದು. ಕೊಟ್ಟ ಮೇಲೆ ಹಕ್ಕುದಾರ ದಾವೆ ಹೂಡದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ವಿಡಿಯೋ ಮರಳಬೇಕು. ಆದರೆ ಅದರಲ್ಲಿ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕು, ಅದು ಎದುರಿನವರ ಕೈಗೆ ಹೋಗುತ್ತದೆ. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು ಘೋಷಿಸಬೇಕು. ಅಮೆರಿಕದ ಹೊರಗೆ ಇರುವವರು ಅಲ್ಲಿನ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಗೆ ಸೂಚಿಸಬೇಕು. ಮನೆಯಲ್ಲಿ ಕೂತು ರೀಮಿಕ್ಸ್ ಮಾಡುವವರು ಇಲ್ಲಿಗೆ ಬಂದು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಅವರನ್ನು ನಾನು ದೂರುವುದಿಲ್ಲ. ವಾದ ನಿಜಕ್ಕೂ ಗಟ್ಟಿಯಿದ್ದಾಗ, ಅಂದರೆ ಆ ಬಾಸಿನಂಥ ಬಳಕೆ ಇದ್ದಾಗ, ವಕೀಲರೊಬ್ಬರಿಗೆ ತೋರಿಸಿ ಕೊಡುವುದು ಒಳ್ಳೆಯದು.

ಕೊನೆಯ ಪ್ರಶ್ನೆ ಗರ್ಲ್ ಟಾಕ್ ಬಗ್ಗೆ. ಗ್ರೆಗ್ ಗಿಲ್ಲಿಸ್ ಎಂಬ ಕಲಾವಿದ ಆ ಹೆಸರಿನಲ್ಲಿ, 300ಕ್ಕೂ ಹೆಚ್ಚು ಹಾಡುಗಳ ತುಣುಕುಗಳನ್ನು ಹೆಣೆದು ಆಲ್ಬಮ್ಮುಗಳನ್ನೇ ಮಾಡಿದ್ದಾರೆ. ಇಡೀ ಕೆಲಸ ಫೇರ್ ಯೂಸ್ ಎಂದು ಬಹಿರಂಗವಾಗಿಯೇ ಹೇಳಿಕೊಂಡವರು. "ಅವರ ಮೇಲೆ ಯಾರೂ ದಾವೆ ಹಾಕಲಿಲ್ಲವಲ್ಲ, ಹಾಗಾದರೆ ಅದು ಸರಿ ಅಂತಲೇ?" ದಾವೆ ಬರಲಿಲ್ಲ, ಆದ್ದರಿಂದ ತೀರ್ಪೂ ಬರಲಿಲ್ಲ. ಕಂಪನಿಗಳು ಸುಮ್ಮನಿದ್ದದ್ದು ಸೋತರೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ ಎಂಬ ಲೆಕ್ಕದಿಂದ ಎನ್ನುವುದು ನನ್ನ ಊಹೆ. ಮ್ಯಾಶಪ್ ಎಂಬ ಹೆಸರಿನ ಒಂದು ಕೃತಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಪುಸ್ತಕದ ರೂಪದಲ್ಲಿ. ಡಾಕ್ಟರ್ ಸ್ಯೂಸ್ ಅವರ ಮಕ್ಕಳ ಪುಸ್ತಕಕ್ಕೆ ಸ್ಟಾರ್ ಟ್ರೆಕ್ ಬೆಸೆದ ಕೃತಿ. 2020ರಲ್ಲಿ ಕ್ಯಾಲಿಫೋರ್ನಿಯಾ ಕಡೆಯ ಮೇಲ್ಮನವಿ ನ್ಯಾಯಾಲಯ ಅದು ಫೇರ್ ಯೂಸ್ ಅಲ್ಲ ಎಂದಿತು. ಮೂಲವನ್ನು ಅಣಕಿಸುತ್ತಿಲ್ಲ, ಅದರ ಚೌಕಟ್ಟನ್ನು ಎರವಲು ಪಡೆದು ಬೇರೆ ಕತೆ ತುಂಬಿದೆ ಎಂಬುದು ಕಾರಣ. ಈ ತರ್ಕವನ್ನು ಗಿಲ್ಲಿಸ್ ಅವರ ಆಲ್ಬಮ್ಮಿಗೆ ಹಚ್ಚಿದರೆ ಕೆಲವು ತುಣುಕುಗಳು ಉಳಿದಾವು, ಹಲವು ಉಳಿಯಲಿಕ್ಕಿಲ್ಲ. ಯಾವುವು ಉಳಿಯುತ್ತವೆ ಅನ್ನುವುದನ್ನು ಒಂದೊಂದಾಗಿ ಕೇಳಿಯೇ ಹೇಳಬೇಕು, ಇಡೀ ಆಲ್ಬಮ್ಮಿಗೆ ಒಂದೇ ಉತ್ತರ ನನ್ನ ಹತ್ತಿರ ಇಲ್ಲ.